ಮಗ್ಗ ನಿಂತಷ್ಟು ಹೊತ್ತು

"ಆತಲ್ಲವಾ ದೀಪಾಲಿ, ಚಾಲೂ ಮಾಡ್ಲಿ?" ಎಂದ ಬಾಬಾಸಾಹೇಬನ ಕೈ ಆಗಲೇ ಪವರ್‌ಲೂಮಿನ ಹ್ಯಾಂಡಲ್ ಮೇಲಿತ್ತು.

"ಇನ್ನೂ ಇಲ್ರಿ ಮಾವಾರ, ಕ್ಯಾಮೆರಾ ನಡದೈತಿ," ಎಂದಳು ಸೊಸೆ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಕಿಟಕಿಯ ಬೆಳಕಿನಲ್ಲಿ ಹಾಸಿದ್ದ ಸೀರೆಯ ಮೇಲಿನದು ಅವಳೇ ಬಿಡಿಸಿದ ಮೊದಲ ನಮೂನೆ. ಈ ಅಂಚಿನಿಂದ ಆ ಅಂಚಿನವರೆಗೆ ಎಳೆ ಎಳೆಯೂ ಕಾಣುವ ಫೋಟೊ ಮಧ್ಯಾಹ್ನದೊಳಗೆ ಬಾರದಿದ್ದರೆ ಬೇರೆಯವರದನ್ನು ಆರಿಸುತ್ತೇನೆಂದು ಕೊಲ್ಹಾಪುರದ ವ್ಯಾಪಾರಿ ಹೇಳಿದ್ದ. ಒಂದೇ ಫೋಟೊದಲ್ಲಿ ಹತ್ತಿರದ್ದು ಸ್ಪಷ್ಟವಾದರೆ ದೂರದ್ದು ಮಸುಕಾಗುತ್ತಿತ್ತು. ಅದಕ್ಕೇ ಕ್ಯಾಮೆರಾ ಫೋಕಸ್ಸನ್ನು ಇಷ್ಟಿಷ್ಟೇ ಮುಂದೆ ಸರಿಸುತ್ತ ಸಾಲಾಗಿ ಫೋಟೊ ತೆಗೆಯುತ್ತಿತ್ತು. ಆಮೇಲೆ ಎಲ್ಲವನ್ನೂ ಕೂಡಿಸಿ ಒಂದು ಮಾಡಬೇಕು. ನಡುವೆ ಮಗ್ಗ ನೆಲ ಅದುರಿಸಿದರೆ ಒಂದಕ್ಕೊಂದು ಕೂಡುವುದಿಲ್ಲ.

"ನಮ್ಮ ಲಗ್ನದಾಗೂ ಇಷ್ಟ ಫೋಟೊ ಹೊಡದಿರಲಿಲ್ಲ," ಎಂದು ಮಾವ ಗೊಣಗಿದ. "ಮಗ್ಗ ನಡುವ ನಿಂತ್ರ ನೇಯೋ ಅರಿವಿ ಮ್ಯಾಲೆ ಅಡ್ಡ ಗೆರಿ ಬೀಳತೈತಿ. ನೂಲ ಕೊಟ್ಟ ಸೇಠ ಮಾಲ ತಿರುಗಿ ಒಗಿತಾನ." ಬೆರಳುಗಳು ಹ್ಯಾಂಡಲನ್ನು ಬಿಗಿಯಾಗಿ ಹಿಡಿದವು. ದೀಪಾಲಿ ಬೆವರಿದ ಅಂಗೈಯನ್ನು ತಡೆಯುವಂತೆ ಎತ್ತಿ ಹಿಡಿದಳು.

ಬಾಬಾಸಾಹೇಬ ಆ ಅಂಗೈಯನ್ನು ನೋಡಿದ. ಅಷ್ಟರಲ್ಲಿ ಅವನ ಹೆಂಡತಿ ಬಾಳಕ್ಕ ಚಹಾ ಹಿಡಿದು ಬಾಗಿಲಿಗೆ ಬಂದಳು. ಅವನು ಹ್ಯಾಂಡಲ್ ಬಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಪಿಸುದನಿಯಲ್ಲಿ ಹೇಳಿದ: "ಅಲ್ಲೇ ನಿಂದರ. ನೆಲಾ ಅಲಗಿಸಬ್ಯಾಡ."