ಕೂಡುಕುಟುಂಬದ ನಿದ್ದೆ

ಈ ದೇಶದಲ್ಲೂ ಆದಾಯ ತೆರಿಗೆಯನ್ನು ಹಣದ ಬದಲು ನಿದ್ದೆಯ ರೂಪದಲ್ಲೇ ಕಟ್ಟಬೇಕಿತ್ತು. ವಲಸೆ ಬಂದ ವರ್ಷ ಎರಡೂ ದೇಶಗಳು ಪಾಲು ಕೇಳಿದ್ದರಿಂದ ರೇವಣಸಿದ್ಧ ವಾರಗಟ್ಟಲೆ ಕಣ್ಣು ಮುಚ್ಚದೆ ಮನೆಯೊಳಗೆ ಶತಪಥ ತಿರುಗಿದ್ದ. ಇವತ್ತು ಮಾತ್ರ ಬಿಸಿಲೇರುವ ತನಕ ಗೊರಕೆ ಹೊಡೆದು ಎದ್ದ.

“ನೋಡು ನೀಲವ್ವಾ, ಊರಾಗ ಮಾಡ್ತಿದ್ದಂಗ ಇಲ್ಲೂ ತೆರಿಗಿ ಕಚೇರ್ಯಾಗ ಕೂಡುಕುಟುಂಬ ಅಂತ ಬರೆಸಿದೆ. ತೆರಿಗಿ ಹಗುರಾತು!”

ಹೆಂಡತಿ ನೀಲವ್ವ ಮಗಳನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಅಡ್ಡಾಡುತ್ತಲೇ ಇದ್ದಳು.

“ಹಗುರಾಗಿಲ್ರೀ. ಇಲ್ಲಿ ಕೂಡುಕುಟುಂಬದಾಗ ಯಾರು ಹೆಚ್ಚು ಮಲಗ್ತಾರ, ತೆರಿಗಿಗೆ ಅವರ ನಿದ್ದಿನ ಮೊದಲು ಮುರ್ಕೋತಾರಂತ.”

ಅಳುವ ಶಕ್ತಿಯೂ ಉಳಿಯದ ಮೂರು ತಿಂಗಳ ಕೂಸು ಕೆಂಪು ಕಣ್ಣು ಪಿಳುಕಿಸದೆ, ಚೆನ್ನಾಗಿ ನಿದ್ದೆ ಮಾಡಿ ಎದ್ದ ಅಪ್ಪನನ್ನೇ ನೋಡುತ್ತಿತ್ತು.