ತೇಲುವ ಬಿಲ್ಲೆ

ಡಿಗ್ರಿ ಮುಗಿದ ಮೇಲೆ ನನ್ನನ್ನು ಗಾಜಿನ ಮನೆಯೊಳಗೆ ಕರಿಪುಡಿಯ ಕಾವಲಿಗೆ ಕೂರಿಸಿದರು. ಇಂಗಾಲದ ಪುಟ್ಟ ಚೆಂಡುಗಳ ನಡುವೆ ಪೊಟ್ಯಾಸಿಯಂ ಸೇರಿಸಿದ ಆ ಪುಡಿಯಲ್ಲೇ ಊರಿನ ಕರೆಂಟೆಲ್ಲ ಹರಿಯುವುದು. ಗಾಳಿ ಸೋಕಿದರೆ ಅದು ಸಾಯುತ್ತದೆ. ಅದಕ್ಕೇ ಬಾಗಿಲು ಬೆಸೆದಿದ್ದಾರೆ, ನನ್ನ ಮೂಗಿಗೆ ಉಸಿರಿನ ಕೊಳವೆ ಹಾಕಿದ್ದಾರೆ. ಪುಡಿ ಬದುಕಿರುವಷ್ಟು ದಿನ ಅದರ ಮೇಲೆ ಅಯಸ್ಕಾಂತದ ಬಿಲ್ಲೆ ತೇಲುತ್ತದೆ; ಬಿಲ್ಲೆ ಕೆಳಗೆ ಬಿದ್ದ ದಿನ ನನಗೆ ಬಿಡುಗಡೆ.

ಶುಕ್ರವಾರ ಅಮ್ಮ ಬಂದು, ಗೋಡೆಯ ರಬ್ಬರ್ ಕೈಗವಸುಗಳಿಗೆ ಹೊರಗಿನಿಂದ ಕೈ ತೂರಿಸಿ ನನಗೆ ಜಡೆ ಹಾಕುತ್ತಾಳೆ. ಇವತ್ತು, "ಹೇರ್‌ಪಿನ್ ಕೊಡೇ, ಮಗಳೇ" ಅಂದಳು. ಕೊಟ್ಟೆ. ಅದನ್ನು ಜಡೆಗೆ ಸಿಕ್ಕಿಸದೆ ತನ್ನ ಇನ್ನೊಂದು ಕೈಗವಸಿಗೆ ಚುಚ್ಚಿದಳು. ಗಾಳಿ ಸುಯ್ಯೆಂದಿತು. ಬಿಲ್ಲೆ ವಾಲಿತು.

ನನ್ನ ಬೆರಳು ತಾನಾಗಿಯೇ ಹೋಗಿ ತೂತು ಮುಚ್ಚಿತು.

"ತೆಗಿಯೇ, ನಮ್ಮಮ್ಮ!" ಅಮ್ಮ ಗಾಜಿಗೆ ಹಣೆ ಚಚ್ಚಿಕೊಂಡಳು.

ಬಿಲ್ಲೆ ಮತ್ತೆ ನೆಟ್ಟಗೆ ತೇಲುತ್ತಿದೆ. ತೆಗಿ ಅಂತ ಬೆರಳಿಗೆ ಹೇಳುತ್ತಲೇ ಇದ್ದೇನೆ.