ಡಾಲರಿನೊಳಗಿನ ಕೂಗು

ನಾಣ್ಯ ತಾನು ಅಚ್ಚಾದ ಗಳಿಗೆಯ ಸದ್ದನ್ನು ಮರೆಯುವುದಿಲ್ಲ. ಹಾಗಾಗಿ ಹರಾಜಿಗೆ ಬಂದದ್ದನ್ನೆಲ್ಲ ಮೊದಲು ಪಂಕಜಮ್ಮ ಕಿವಿಗಿಟ್ಟು ಕೇಳುತ್ತಾರೆ. ಮೂವತ್ತು ವರ್ಷಗಳಲ್ಲಿ ಆ ಕಿವಿ ಒಮ್ಮೆಯೂ ಮೋಸಹೋಗಿಲ್ಲ.

“ನೂರಮೂವತ್ತು ವರ್ಷದ ಅಮೆರಿಕನ್ ಬೆಳ್ಳಿ ಡಾಲರ್, ಮೇಡಂ. ನಮ್ಮ ಮುತ್ತಾತಂದು,” ಎಂದ ನಾಗಭೂಷಣ. ಹಿಂದೆ ಕೂತ ಸಂಗ್ರಾಹಕರು ಆಗಲೇ ಕೋಟಿಯ ಮಾತಾಡುತ್ತಿದ್ದರು.

ಪಂಕಜಮ್ಮ ಕಣ್ಣುಮುಚ್ಚಿ ಆಲಿಸಿದರು. ಟಂಕಸಾಲೆಯ ಯಂತ್ರಗಳ ಗದ್ದಲ ಕೇಳಬೇಕಾದಲ್ಲಿ ಒಂದೇ ಒಂದು ಸುತ್ತಿಗೆಯೇಟು, ಅದರ ಬೆನ್ನಿಗೇ ಇನ್ನೊಂದು ಪರಿಚಿತ ಸದ್ದು. ಅವರು ಮುಗುಳ್ನಕ್ಕರು.

“ನಾಗಭೂಷಣ್ರೇ, ನಿಮ್ಮನೇಲಿ ಕುಕ್ಕರ್ ಎಷ್ಟು ಸಲ ಕೂಗಿದ್ರೆ ಬೇಳೆ ಬೇಯುತ್ತೆ?”

“ಮೂರು ಸಲ. ಯಾಕೆ ಮೇಡಂ?”

“ಇದರೊಳಗೂ ಮೂರೇ ಕೂಗಿದೆ,” ಎನ್ನುತ್ತ ಡಾಲರನ್ನು ಅವನ ಅಂಗೈಗೆ ಹಿಂದಕ್ಕಿಟ್ಟರು. “ಅಚ್ಚು ಹಾಕೋ ಮುಂಚೆ ಒಲೆ ಆರಿಸಬಾರದಿತ್ತೇನ್ರೀ?”